32ನೆಯ ಸೆಕೆಂಡಿಗೆ ಕಡಿದುಹೋಗುವ ಕರೆ

ಕೇಳಿದ್ದು: ನಮ್ಮ ಕಚೇರಿಯ ಆಸ್ಟರಿಸ್ಕ್ (ಇಂಟರ್ನೆಟ್ ಮೂಲಕ ಫೋನ್ ಕರೆಗಳನ್ನು ನಡೆಸುವ ತಂತ್ರಾಂಶ) ಸರ್ವರ್‌ಗೆ ಹೊರಗಿನಿಂದ ಬಂದ ಕರೆಯನ್ನು ಎತ್ತಿದರೆ ಎರಡೂ ಕಡೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಅರ್ಧ ನಿಮಿಷ ದಾಟುತ್ತಿದ್ದಂತೆ ಕರೆ ಕಡಿದುಹೋಗುತ್ತದೆ. ಒಳಗಿನ ಫೋನುಗಳ ನಡುವೆ ಈ ತೊಂದರೆಯಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಒಬ್ಬರ ಅನುಭವ: ಮೊದಲು ಗಡಿಯಾರ ಹಿಡಿದು ಅಳೆಯಿರಿ. ಪ್ರತಿ ಸಲವೂ 32 ಸೆಕೆಂಡಿಗೇ ಕಡಿಯುತ್ತಿದ್ದರೆ ಧ್ವನಿಯ ಕಡೆ ನೋಡುವ ಅಗತ್ಯವಿಲ್ಲ, ಸಿಗ್ನಲಿಂಗ್, ಅಂದರೆ ಕರೆಯನ್ನು ಜೋಡಿಸುವ ಸಂದೇಶಗಳ ವಿನಿಮಯ, ಪೂರ್ಣವಾಗುತ್ತಿಲ್ಲ ಎಂದೇ ತಿಳಿಯಿರಿ. ಫೋನ್ ಎತ್ತಿದಾಗ ಸರ್ವರ್ 200 ಓಕೆ, ಅಂದರೆ ಕರೆ ಸ್ವೀಕರಿಸಿದೆ ಎಂಬ ಉತ್ತರವನ್ನು, ಕಳುಹಿಸುತ್ತದೆ. ಅದಕ್ಕೆ ಆಚೆಯಿಂದ ಎಸಿಕೆ (ಉತ್ತರ ತಲುಪಿತು ಎಂಬ ಸಂದೇಶ) ಬಾರದಿದ್ದರೆ, ಈ ಸಂದೇಶಗಳ ಭಾಷೆಯಾದ ಸಿಪ್‌ನ ನಿಯಮಗಳಿರುವ 2002ರ ಆರ್‌ಎಫ್‌ಸಿ 3261 ದಾಖಲೆ ಹೇಳುವಂತೆ, ಅದೇ ಉತ್ತರವನ್ನು ಅರ್ಧ, ಒಂದು, ಎರಡು, ಆಮೇಲೆ ನಾಲ್ಕು ನಾಲ್ಕು ಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ಕಳುಹಿಸಿ, 32 ಸೆಕೆಂಡು ಕಾದ ಮೇಲೆ ಬೈ ಕಳುಹಿಸಿ ಕರೆಯನ್ನು ಮುಗಿಸುತ್ತದೆ.

ನನ್ನ ಸರ್ವರ್‌ನಲ್ಲಿ ಇದೇ ಆದಾಗ ಎರಡು ದಿನ ಧ್ವನಿಯನ್ನು ಸಂಕೇತವಾಗಿಸುವ ಕೊಡೆಕ್‌ಗಳನ್ನು ಬದಲಿಸುತ್ತಾ ಕಳೆದೆ. ಕೊನೆಗೆ ಸಿಪ್ ಸಂದೇಶಗಳನ್ನು ಬಾಣಗಳಾಗಿ ತೋರಿಸುವ ಎಸ್‌ಎನ್‌ಗ್ರೆಪ್ ತೆರೆದು ಒಂದೇ ಒಂದು ಕರೆಯನ್ನು ನೋಡಿದಾಗ, 200 ಓಕೆಯ ಹನ್ನೊಂದು ಬಾಣಗಳು ಒಂದರ ಕೆಳಗೊಂದು ಹೊರಕ್ಕೆ ಹೋಗಿದ್ದವು, ತಿರುಗಿ ಬಂದ ಬಾಣ ಒಂದೂ ಇರಲಿಲ್ಲ. ಆ ಉತ್ತರದ ಕಾಂಟ್ಯಾಕ್ಟ್ ಸಾಲಿನಲ್ಲಿ 192.168.1.20 ಎಂದಿತ್ತು. 200 ಓಕೆಗೆ ಬರಬೇಕಾದ ಎಸಿಕೆ ಈ ಸಾಲಿನ ವಿಳಾಸವನ್ನೇ ಹುಡುಕಿಕೊಂಡು ಹೊರಡುತ್ತದೆ. ಕಚೇರಿಯ ಒಳಗಿನ ವಿಳಾಸಕ್ಕೆ ಹೊರಗಿನವರು ಕಳುಹಿಸಿದ್ದು ತಲುಪುವುದಾದರೂ ಹೇಗೆ? ಆಸ್ಟರಿಸ್ಕ್‌ನಲ್ಲಿ ಸಿಪ್ ನೋಡಿಕೊಳ್ಳುವ ಪಿಜೆಸಿಪ್‌ನ ಟ್ರಾನ್ಸ್‌ಪೋರ್ಟ್ ಭಾಗದಲ್ಲಿ ಸಿಗ್ನಲಿಂಗ್ ಮತ್ತು ಮೀಡಿಯಾ (ಧ್ವನಿ) ಎರಡಕ್ಕೂ ಹೊರಗಿನ ಐಪಿಯನ್ನು ಬರೆದು, ಒಳಜಾಲ ಯಾವುದೆಂದು ಲೋಕಲ್ ನೆಟ್‌ನಲ್ಲಿ ತಿಳಿಸಿದ ಮೇಲೆ ಸರಿಹೋಯಿತು. ಇದಕ್ಕೆ ಬರೀ ರೀಲೋಡ್ ಸಾಲದು, ಆಸ್ಟರಿಸ್ಕನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು.

ಇನ್ನೊಬ್ಬರ ಅನುಭವ: ಮೇಲಿನದೆಲ್ಲ ಸರಿಯಿದ್ದೂ ನಮ್ಮಲ್ಲಿ ಕರೆ ಕಡಿಯುತ್ತಿತ್ತು. ಸಿಪ್ ಸಂದೇಶಗಳಲ್ಲಿ ಕೈಯಾಡಿಸುವ ರೂಟರ್‌ನ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ದಾರಿಯಲ್ಲೇ ಸಂದೇಶವನ್ನು ತಿದ್ದುತ್ತಿತ್ತು. ಅದನ್ನು ಆಫ್ ಮಾಡಿದ ಕೂಡಲೇ ಎಸಿಕೆ ಬರತೊಡಗಿತು. ಸರ್ವರ್‌ನಲ್ಲಿ ಮಾತ್ರ ನೋಡಿದರೆ ಇದು ಕಾಣುವುದಿಲ್ಲ. ರೂಟರ್‌ನ ಹೊರಬದಿಯಲ್ಲೂ ಟಿಸಿಪಿಡಂಪ್‌ನಿಂದ (ಜಾಲದಲ್ಲಿ ಹಾದುಹೋಗುವ ಸಂದೇಶಗಳನ್ನು ಸೆರೆಹಿಡಿಯುವ ಸಾಧನ) ಹಿಡಿದು, ಎರಡೂ ಕಡೆಯ ಕಾಂಟ್ಯಾಕ್ಟ್ ಸಾಲುಗಳನ್ನು ಅಕ್ಕಪಕ್ಕ ಇಟ್ಟು ಓದಿರಿ. ನಡುವೆ ಕಮೈಲಿಯೊ (ಸಿಪ್ ಸಂದೇಶಗಳನ್ನು ದಾಟಿಸುವ ಪ್ರಾಕ್ಸಿ ಸರ್ವರ್) ಇದ್ದರೆ ಇನ್ವೈಟ್‌ಗೆ, ಅಂದರೆ ಕರೆ ಶುರು ಮಾಡುವ ಸಂದೇಶಕ್ಕೆ, ಮುಂದಿನ ಸಂದೇಶಗಳೂ ತನ್ನ ಮೂಲಕವೇ ಬರಲಿ ಎಂದು ಹೇಳುವ ರೆಕಾರ್ಡ್ ರೂಟ್ ಸಾಲು ಸೇರುತ್ತಿದೆಯೇ ಎಂಬುದನ್ನೂ ನೋಡಿ. ಅದು ಸೇರದಿದ್ದರೆ ಎಸಿಕೆ ಪ್ರಾಕ್ಸಿಯನ್ನು ಬಿಟ್ಟು ನೇರವಾಗಿ ಹೋಗಲು ನೋಡಿ, ಫೈರ್‌ವಾಲ್‌ನಲ್ಲಿ ಸಿಕ್ಕಿಬೀಳುತ್ತದೆ.