ಅಂಗಡಿ ಮುಂದಿನ ಹಲಗೆಗೆ ನಮ್ಮ ಕಡೆಯ ಸಂಗತಿ ಬೇಕು, ಹೇಳ್ರಪ್ಪಾ

ಜೆರಾಕ್ಸ್ ಅಂಗಡಿ, ಕೋಲಾರ:
ಕ್ಲಾಕ್ ಟವರ್ ಹತ್ರ ನಂದೊಂದು ಜೆರಾಕ್ಸ್ ಅಂಗಡಿ. ಬಾಗಿಲ ಪಕ್ಕ ಕರಿ ಹಲಗೆ ಇಟ್ಟು ದಿನಾ ಒಂದು ಸಂಗತಿ ಬರೀತೀನಿ. ಖಾತ್ರಿ ಇರೋದು ಬಿಳಿ ಚಾಕ್‌ಪೀಸಲ್ಲಿ, ‘ಅಂತೆ’ ಅನ್ನೋದು ಹಳದೀಲಿ. ಹೋದ ವಾರ ಬಿಳೀಲಿ ‘ನಮ್ಮ ಕೆಜಿಎಫ್ ಗಣಿ ಪ್ರಪಂಚದಲ್ಲೇ ಅತಿ ಆಳ’ ಅಂತ ಬರೆದೆ. ಆಧಾರ್ ಜೆರಾಕ್ಸಿಗೆ ಬಂದಿದ್ದ ತಾತ ಒಬ್ಬರು, ಕೆಜಿಎಫ್‌ನ ಚಾಂಪಿಯನ್ ರೀಫ್ ಗಣೀಲಿ ದುಡಿದವರಂತೆ, ಓದಿದ್ರು. ಮಾತಿಲ್ಲ. ಹೆಗಲ ಮೇಲಿನ ಟವೆಲ್ ತಗೊಂಡು ‘ಪ್ರಪಂಚದಲ್ಲೇ ಅತಿ’ ಅಷ್ಟನ್ನೇ ಒರೆಸಿದ್ರು. ‘ನಮ್ಮ ಕೆಜಿಎಫ್ ಗಣಿ ಆಳ’ ಉಳೀತು. ‘ಮೂರು ಕಿಲೋಮೀಟರಿಗಿಂತ ಕೆಳಗೆ ಇಳಿದಿದೀವಿ ಕಣಪ್ಪ. ಆದ್ರೆ ದಕ್ಷಿಣ ಆಫ್ರಿಕಾದವ್ರು ಇನ್ನೂ ಕೆಳಗೆ ಹೋಗವ್ರೆ’ ಅಂದ್ರು.

ಮಾನ ಹೋಯ್ತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಗಟ್ಟಿ ಸಂಗತಿ ಕೊಡಿ. ಟಿಪ್ಪು ಡ್ರಾಪು, ಮುಳಬಾಗಿಲು ದೋಸೆ ಬೇಡ.

ಗೌರಿಬಿದನೂರು ಟೀಚರ್:
ಬಿಳಿ ಚಾಕ್‌ಪೀಸ್ ತಗೊಳ್ಳಿ. ನಮ್ಮೂರ ಹತ್ರ ಒಂದು ರೇಡಿಯೊ ದೂರದರ್ಶಕ ಇದೆ. ಬೋಗುಣಿ ಥರ ಡಿಶ್ ಇರುತ್ತೆ ಅಂದ್ಕೊಂಡು ಹೋದ್ರೆ ಬೇಸ್ತು ಬೀಳ್ತೀರ. ಬಯಲಲ್ಲಿ ಕಂಬ, ತಂತಿ, ಅಷ್ಟೆ. ನನ್ನ ಜೊತೆ ಬಂದ ಹುಡುಗಿ ‘ಮಿಸ್, ಇಷ್ಟು ಬಟ್ಟೆ ಯಾರು ಒಗೀತಾರೆ?’ ಅಂದ್ಲು. ಒಟ್ಟು 1000 ಡೈಪೋಲ್, ಅಂದ್ರೆ ತಂತಿಯ ಸರಳ ಆಂಟೆನಾ, ಇಂಗ್ಲಿಷ್ ‘ಟಿ’ ಆಕಾರದಲ್ಲಿ; ಪೂರ್ವ ಪಶ್ಚಿಮದ ತೋಳೇ 1.4 ಕಿ.ಮೀ. ಆಕಾಶದಿಂದ ಬರೋ 34.5 ಮೆಗಾಹರ್ಟ್ಸ್ ರೇಡಿಯೊ ಅಲೆ ಹಿಡಿಯೋಕೆ ಕಟ್ಟಿದ್ದು. ನಿಮ್ಮ ಎಫ್‌ಎಂ ಶುರುವಾಗೋದೇ 88ರಿಂದ.

ಇನ್ನೊಂದು: 1965ರಿಂದ ಇಲ್ಲಿ ಭೂಕಂಪ ಮಾಪಕಗಳ ಸಾಲೂ ಇದೆ. ದೂರದ ಯಾವುದೋ ದೇಶ ನೆಲದಡಿ ಅಣುಬಾಂಬ್ ಸಿಡಿಸಿದ್ರೆ ಗೌರಿಬಿದನೂರಲ್ಲಿ ಗೀಟು ಬೀಳುತ್ತೆ.

ಗೂಳೂರು ಕಡೆಯವ:
ಹಳದಿಗೆ ತುಮಕೂರು ಹತ್ರದ ನಮ್ಮ ಕೈದಾಳ ತಗೊಳ್ಳಿ ಅಣ್ಣ. ಬೇಲೂರಲ್ಲಿ ಕೆತ್ತಿದ ಕಲ್ಲಿನ ಹೊಟ್ಟೇಲಿ ಕಪ್ಪೆ ಸಿಕ್ತಂತೆ, ಜಕಣಾಚಾರಿ ಕೈ ಕತ್ತರಿಸಿಕೊಂಡನಂತೆ, ಇಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಬಂತಂತೆ. ಮೂರೂ ಅಂತೆ.

ಶಿರಾ ಬಸ್ಸು:
ಶಿರಾ ಹತ್ರದ ಕಗ್ಗಲಡು. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದ ಮೇಲೇ ಗೂಡು ಕಟ್ಟುತ್ವೆ. ಬಿಳಿ.

ರಾಬರ್ಟ್‌ಸನ್‌ಪೇಟೆ:
ತಾತ ಒರೆಸಿದ ಜಾಗ ಖಾಲಿ ಬಿಡ್ಬೇಡಿ, ಇದು ಬರೀರಿ. 1965ರಲ್ಲಿ ನಮ್ಮ ಗಣಿಯೊಳಗೆ ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊ ಅನ್ನೋ ಅತಿ ಸಣ್ಣ ಕಣದ ಗುರುತು ಹಿಡಿದ್ರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಹಿಡಿದ್ರು. ಅಲ್ಲೂ ಅವ್ರೇ ಪೈಪೋಟಿ! ಅಷ್ಟು ಆಳ ಯಾಕೆ ಅಂದ್ರೆ, ಮೇಲಿಂದ ಸುರಿಯೋ ಬೇರೆ ಕಣಗಳನ್ನ ಬಂಡೆ ತಡೆಯುತ್ತೆ. ನ್ಯೂಟ್ರಿನೊಗೆ ಬಂಡೆ ಲೆಕ್ಕಕ್ಕೇ ಇಲ್ಲ.

ಕರೆಂಟಿಂದೂ ಸೇರಿಸಿ. ಶಿವನಸಮುದ್ರದಿಂದ ಕೆಜಿಎಫ್‌ಗೆ 1902ರಲ್ಲೇ ಬಂತು. ಬೆಂಗಳೂರಿನ ಬೀದಿಗೆ 1905ರಲ್ಲಿ.

ಜೆರಾಕ್ಸ್ ಅಂಗಡಿ, ಕೋಲಾರ:
ಇವತ್ತು ನ್ಯೂಟ್ರಿನೊ ಬರೆದೆ. ಬೆಳಿಗ್ಗೆಯಿಂದ ಮೂವರು ‘ಇದು ಯಾವ ಮಾತ್ರೆ, ಸಕ್ಕರೆ ಕಾಯಿಲೆಗಾ?’ ಅಂತ ಕೇಳಿದ್ರು. ಮಧ್ಯಾಹ್ನ ಅದೇ ತಾತ ಬಂದ್ರು. ಟವೆಲ್ ಮೇಲೆ ಕೈ ಹೋದಾಗ ನನ್ನೆದೆ ಢವ ಢವ. ಮುಖ ಒರೆಸ್ಕೊಂಡ್ರು ಅಷ್ಟೆ. ‘ಹೂಂ, ಕೆಳಗೆ ಪೆಟ್ಟಿಗೆ ಇಟ್ಕೊಂಡು ಕೂತಿರೋರು. ಏನ್ ಸ್ವಾಮಿ ಹುಡುಕ್ತೀರಾ ಅಂದ್ರೆ, ಚಿನ್ನ ಅಲ್ಲ ಅನ್ನೋರು’ ಅಂದ್ರು.

ಈಗ ಈ ಮಾತನ್ನ ಬಿಳೀಲಿ ಬರೀಲಾ, ಹಳದೀಲಾ?