ವೃತ್ತಿ ಕಲಾವಿದೆ ಶಾಲೆಗೆ ಬರುವ 6 ವಾರ: ಆಮೇಲೂ ನೃತ್ಯ ಉಳಿಯಲು ಏನು ಮಾಡಬೇಕು?

ಹೆಜ್ಜೆಗುರುತು (ಪ್ರಶ್ನೆ)

ವೃತ್ತಿಪರ ನೃತ್ಯ ಕಲಾವಿದೆಯೊಬ್ಬರು ನಮ್ಮ ಶಾಲೆಗೆ 6 ವಾರ, ವಾರಕ್ಕೊಂದು ಪೀರಿಯಡ್ ಬರುತ್ತಾರೆ. ಪೀರಿಯಡ್ 40 ನಿಮಿಷ. ಮಕ್ಕಳು 38, ವಯಸ್ಸು 11–12. ಸಭಾಂಗಣ 12 ಮೀಟರ್ ಉದ್ದ, 8 ಮೀಟರ್ ಅಗಲ, ಕಲ್ಲಿನ ನೆಲ. ನಾನು ತರಗತಿ ಶಿಕ್ಷಕಿ, ನೃತ್ಯ ಕಲಿತವಳಲ್ಲ. ಇಂಥ ಕಾರ್ಯಕ್ರಮಗಳು ಹೆಚ್ಚಾಗಿ ಒಂದು ಗುಂಪು ನೃತ್ಯದಲ್ಲಿ ಮುಗಿಯುತ್ತವೆ: ಚೆನ್ನಾಗಿ ಕುಣಿಯುವ ಐದಾರು ಮಕ್ಕಳು ಮುಂದೆ, ಉಳಿದವರು ಹಿಂದಿನ ಸಾಲಿನಲ್ಲಿ ಕೈ ಆಡಿಸುತ್ತಾ. ಕಲಾವಿದರು ಹೋದ ಮೇಲೆ ನೃತ್ಯವೂ ಹೋಗುತ್ತದೆ. ಹಾಗಾಗದಂತೆ ಹೇಗೆ ಯೋಜಿಸುವುದು?

ಲಯವಿನ್ಯಾಸ

ಮೊದಲು ಕಲಾವಿದೆಯೊಂದಿಗೆ ಒಂದು ಗಂಟೆ ಕೂತು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ: ಅವರು ಬರುತ್ತಿರುವುದು ಒಂದು ನೃತ್ಯವನ್ನು ಕಲಿಸುವುದಕ್ಕೋ, ನೃತ್ಯ ಕಟ್ಟುವ ಕೆಲಸವನ್ನು ಕಲಿಸುವುದಕ್ಕೋ? 6 ಪೀರಿಯಡ್‌ಗಳಲ್ಲಿ ಎರಡೂ ಆಗುವುದಿಲ್ಲ. ಎರಡನೆಯದನ್ನೇ ಆರಿಸಿ. ವೃತ್ತಿರಂಗದ ಕಲಾವಿದೆಗೆ ಮಾತ್ರ ಗೊತ್ತಿರುವುದು ಅದು. ಹೆಜ್ಜೆಗಳನ್ನು ವಿಡಿಯೊ ನೋಡಿಯೂ ಕಲಿಯಬಹುದು.

ಕಲಾವಿದೆ ತಮ್ಮ ನೃತ್ಯದಿಂದ 16 ಕೌಂಟಿನ (ತಾಳದ 16 ಎಣಿಕೆಯ) ಒಂದೇ ತುಣುಕು ಕೊಡಲಿ. ಆರೂ ವಾರ ಅದೇ ಮೂಲದ್ರವ್ಯ. ಅದನ್ನು ಬದಲಿಸಲು ನೃತ್ಯ ಚಿಂತಕ ರುಡಾಲ್ಫ್ ಲಾಬಾನ್‌ರ ಚಲನೆಯ ವಿಶ್ಲೇಷಣೆಯಿಂದ ಬಂದ ನಾಲ್ಕು ಪ್ರಶ್ನೆಗಳು ಸಾಕು: ದೇಹದ ಯಾವ ಭಾಗ, ಎಲ್ಲಿ, ಹೇಗೆ, ಯಾರ ಜೊತೆ. ಒಂದು ವಾರ ‘ಎಲ್ಲಿ’: ಅದೇ ತುಣುಕನ್ನು ನೆಲದ ಮಟ್ಟಕ್ಕೆ ಇಳಿಸಿ, ದಿಕ್ಕು ತಿರುಗಿಸಿ. ಇನ್ನೊಂದು ವಾರ ‘ಹೇಗೆ’: ಅದೇ ಕೈಯನ್ನು ತಳ್ಳುವಂತೆ, ಆಮೇಲೆ ತೇಲುವಂತೆ.

‘ನಿಮಗೆ ಬೇಕಾದಂತೆ ಕುಣಿಯಿರಿ’ ಎಂದು ಮಾತ್ರ ಹೇಳಬೇಡಿ. ಅರ್ಧ ತರಗತಿ ಮರಗಟ್ಟುತ್ತದೆ, ಉಳಿದರ್ಧ ಟಿವಿಯಲ್ಲಿ ಕಂಡದ್ದನ್ನು ಮಾಡುತ್ತದೆ. ಕಟ್ಟು ಬಿಗಿಯಾಗಿರಲಿ: ‘16 ಕೌಂಟಿನೊಳಗೆ 3 ಕಡೆ ಪೂರ್ತಿ ನಿಲ್ಲಬೇಕು, ಒಮ್ಮೆ ಮಟ್ಟ ಬದಲಾಗಬೇಕು, ಕೊನೆಗೆ ಇನ್ನೊಬ್ಬರ ಬೆನ್ನಿಗೆ ಬೆನ್ನು ತಾಗಬೇಕು.’ ಮಿತಿ ಇದ್ದಾಗಲೇ ಮಕ್ಕಳು ಯೋಚಿಸಲು ಶುರುಮಾಡುತ್ತಾರೆ.

ಗುಂಪಿಗೆ 4–5 ಮಕ್ಕಳು. 38 ಮಕ್ಕಳಿಗೆ 8 ಗುಂಪು. 6 ದಾಟಿದರೆ ಒಬ್ಬರು ಯಜಮಾನಿಕೆ ಹಿಡಿದು ಉಳಿದವರು ನಕಲು ಮಾಡುತ್ತಾರೆ. ಶೂ ಬಿಚ್ಚಿ ಒಳಬರುವುದಕ್ಕೇ 5 ನಿಮಿಷ ಹೋಗುತ್ತದೆ. ಉಳಿದ 35ರಲ್ಲಿ ಮೈ ಬಿಸಿ ಮಾಡಲು 5, ತುಣುಕಿಗೆ 6, ಗುಂಪಿನಲ್ಲಿ ಕಟ್ಟಲು 12, ತೋರಿಸಿ ಮಾತಾಡಲು 8, ಮೈ ತಣಿಸಲು 4. ತೋರಿಸುವಾಗ ಒಂದೊಂದೇ ಗುಂಪನ್ನು ಕರೆದರೆ ಪೀರಿಯಡ್ ಅಲ್ಲೇ ಮುಗಿಯುತ್ತದೆ. 4 ಗುಂಪು ಒಟ್ಟಿಗೆ ಮಾಡಲಿ, ನೋಡುವ ಪ್ರತಿ ಗುಂಪಿಗೂ ಒಂದೊಂದು ಗುಂಪನ್ನು ಗೊತ್ತುಮಾಡಿ, ಒಂದೇ ಪ್ರಶ್ನೆ ಕೊಡಿ: ‘ಅವರು ಎಲ್ಲಿ ನಿಂತರು?’ ‘ಚೆನ್ನಾಗಿತ್ತಾ?’ ಎಂಬ ಪ್ರಶ್ನೆಯಿಂದ ಏನೂ ಹುಟ್ಟುವುದಿಲ್ಲ.

ಮೊದಲ ವಾರವೇ ಕಲಾವಿದೆ 6–8 ನಿಮಿಷ ತಾವೇ ಕುಣಿದು ತೋರಿಸಲಿ, ವೇದಿಕೆಯ ಮೇಲಲ್ಲ, ಮಕ್ಕಳ ಎದುರಲ್ಲೇ. ಉಸಿರು, ಬೆವರು, ಪಾದದ ಸದ್ದು ಹತ್ತಿರದಿಂದ ಸಿಗಬೇಕು.

ಪಾದತಲ

ಜಾಗದ ಲೆಕ್ಕ ಹೇಳುತ್ತೇನೆ. 12×8 ಅಂದರೆ 96 ಚದರ ಮೀಟರ್. ಈ ವಯಸ್ಸಿನವರು ಓಡಾಡುತ್ತಾ ಕುಣಿಯಲು ತಲಾ 5 ಚದರ ಮೀಟರ್ ಇದ್ದರೆ ಒಳ್ಳೆಯದು. 19 ಮಕ್ಕಳಿಗೆ 95. ಅಂದರೆ ಜಾಗ ಬದಲಿಸುವ ಚಲನೆ ಇದ್ದಾಗ ಅರ್ಧ ತರಗತಿ ಮಾತ್ರ ನೆಲದ ಮೇಲೆ. ನಿಂತಲ್ಲೇ ಕಟ್ಟುವ ಕೆಲಸಕ್ಕೆ 38 ಮಕ್ಕಳೂ ಹಿಡಿಸುತ್ತಾರೆ.

ಕಲ್ಲಿನ ನೆಲವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವೃತ್ತಿ ಕಲಾವಿದರು ಸಾಮಾನ್ಯವಾಗಿ ಅಭ್ಯಾಸ ಮಾಡುವುದು ಅಡಿಯಲ್ಲಿ ಪುಟಿತವಿರುವ ಮರದ ನೆಲದಲ್ಲಿ. ಕಲ್ಲು, ಕಾಂಕ್ರೀಟು ಹೊಡೆತವನ್ನು ಹೀರದೆ ಮೊಣಕಾಲಿಗೂ ಮುಂಗಾಲ ಮೂಳೆಗೂ ವಾಪಸು ಕಳಿಸುತ್ತವೆ. ಸಾಲು ಜಿಗಿತ ಬೇಡ, ಗಟ್ಟಿಯಾಗಿ ಪಾದ ಬಡಿಯುವುದೂ ಬೇಡ. ಜಿಗಿತ ಬೇಕೇಬೇಕೆಂದರೆ ಬೆರಳು, ಅಂಗಾಲು, ಹಿಮ್ಮಡಿ ಈ ಕ್ರಮದಲ್ಲಿ ಮಂಡಿ ಬಗ್ಗಿಸಿ ಇಳಿಯುವುದನ್ನು ಮೊದಲು ಕಲಿಸಿ. ಬರಿಗಾಲು ಸರಿ. ಕಾಲುಚೀಲ ಮಾತ್ರ ಬೇಡ, ಜಾರುತ್ತದೆ.

ಇನ್ನೊಂದು, ಇದು ಬೆಳವಣಿಗೆಯ ಓಟದ ವಯಸ್ಸು. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಹಿಂದಿನಿಂದ ಬರುತ್ತದೆ. ಹೋದ ವರ್ಷ ಬಗ್ಗುತ್ತಿದ್ದ ಮಗು ಈ ವರ್ಷ ಬಗ್ಗದಿದ್ದರೆ ಅದು ಸೋಮಾರಿತನವಲ್ಲ. ಬೆನ್ನ ಮೇಲೆ ಒತ್ತಿ ಬಗ್ಗಿಸುವುದನ್ನು ಯಾರು ಮಾಡಿದರೂ ತಡೆಯಿರಿ. ಭರತನಾಟ್ಯದ ಅರಮಂಡಿಯಾಗಲಿ, ಬ್ಯಾಲೆಯಲ್ಲಿ ಮಂಡಿ ಬಗ್ಗಿಸುವ ಪ್ಲಿಯೆ ಆಗಲಿ, ಕಾಲು ಹೊರಗೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಪಾದವನ್ನು ಮಾತ್ರ ಅಗಲಿಸಿದರೆ ಮಂಡಿ ಒಳಗೆ ಬೀಳುತ್ತದೆ, ನೋವು ಶುರುವಾಗುವುದೇ ಅಲ್ಲಿ. ಮಂಡಿ ಎರಡನೇ ಬೆರಳಿನ ನೇರಕ್ಕಿದೆಯೇ ಎಂದು ನೀವೂ ನೋಡಬಹುದು, ಅದಕ್ಕೆ ನೃತ್ಯ ಕಲಿತಿರಬೇಕಿಲ್ಲ.

ಕುಣಿದು ತೋರಿಸುವ ವಿಚಾರದಲ್ಲಿ ಮೇಲಿನವರ ಮಾತು ನಾನು ಒಪ್ಪುವುದಿಲ್ಲ. ಎರಡನೇ ವಾರಕ್ಕಿಡಿ. ಮಕ್ಕಳು ತುಣುಕನ್ನು ತಮ್ಮ ಮೈಯಲ್ಲಿ ಒಮ್ಮೆ ಮಾಡಿದ ಮೇಲೆ ನೋಡಿದರೆ ಕಣ್ಣು ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಗುತ್ತದೆ.

ಲಯವಿನ್ಯಾಸ

ಸರಿ, ಎರಡನೇ ವಾರವೇ ಒಳ್ಳೆಯದು, ಒಪ್ಪಿದೆ.

ಸಮಪಾದ

ಪ್ರಶ್ನೆಯ ಮುಖ್ಯ ಭಾಗಕ್ಕೆ, ‘ಆಮೇಲೆ ಏನು’ ಎನ್ನುವುದಕ್ಕೆ ಬರೋಣ. ಮೇಡಂ, ಅದು ನಿಮ್ಮ ಕೈಯಲ್ಲಿದೆ. ಆ ಪೀರಿಯಡ್‌ನಲ್ಲಿ ನೋಟ್‌ಬುಕ್ ತಿದ್ದಲು ಕೂರಬೇಡಿ, ಮಕ್ಕಳ ಜೊತೆ ಮಾಡಿ. 3ನೇ ವಾರದಿಂದ ಮೈ ಬಿಸಿ ಮಾಡಿಸುವ 5 ನಿಮಿಷ ನಿಮ್ಮದು. 5ನೇ ವಾರ ಇಡೀ ಪೀರಿಯಡ್ ನೀವೇ ನಡೆಸಿ, ಕಲಾವಿದೆ ಮೂಲೆಯಲ್ಲಿ ಕೂತು ಗಮನಿಸಿ ಆಮೇಲೆ ಹೇಳಲಿ. ಈ ಒಂದು ವಾರವನ್ನು ಬಿಟ್ಟುಕೊಡಲು ಕಲಾವಿದರು ಹಿಂಜರಿಯುತ್ತಾರೆ, ಶಾಲೆಯವರೂ ‘ಅವರನ್ನು ಕರೆಸಿದ್ದು ಯಾಕೆ’ ಅನ್ನುತ್ತಾರೆ. ಅದಕ್ಕೇ ಮೊದಲ ಭೇಟಿಯಲ್ಲೇ ಬರೆದಿಟ್ಟುಕೊಳ್ಳಿ.

ನೃತ್ಯ ಕಲಿತಿಲ್ಲ ಎಂಬ ಅಳುಕು ಬೇಡ. 1926ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನೃತ್ಯದ ಪದವಿ ಶಿಕ್ಷಣ ಶುರುಮಾಡಿದ ಮಾರ್ಗರೆಟ್ ಎಚ್‌ಡೂಬ್ಲರ್ ವೇದಿಕೆಯ ನರ್ತಕಿಯಲ್ಲ. ಜೀವಶಾಸ್ತ್ರ ಓದಿ ದೈಹಿಕ ಶಿಕ್ಷಣ ಕಲಿಸುತ್ತಿದ್ದವರು. ಇನ್ನೊಂದು ತುದಿಯಲ್ಲಿ ಜಾಕ್ ದಾಂಬ್ವಾಸ್: ನ್ಯೂಯಾರ್ಕ್ ಸಿಟಿ ಬ್ಯಾಲೆಯಲ್ಲಿ ಇನ್ನೂ ಪ್ರಮುಖ ನರ್ತಕರಾಗಿದ್ದಾಗಲೇ, 1976ರಲ್ಲಿ, ಶಾಲಾಮಕ್ಕಳಿಗಾಗಿ ನ್ಯಾಷನಲ್ ಡಾನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ನಿಮ್ಮ ಸಭಾಂಗಣದಲ್ಲಿ ಈ ಎರಡು ಬಗೆಯವರೂ ಒಟ್ಟಿಗೆ ಇರುತ್ತೀರಿ. ಒಬ್ಬರಿಗೆ ನೃತ್ಯ ಗೊತ್ತು, ಇನ್ನೊಬ್ಬರಿಗೆ ಈ 38 ಮಕ್ಕಳು ಗೊತ್ತು.

ಸಂಗೀತದಲ್ಲಿ ಸಾಹಿತ್ಯ ಬೇಡ. ಪದ ಕೇಳಿದ ತಕ್ಷಣ ಮಕ್ಕಳು ಅದರ ಅರ್ಥವನ್ನೇ ಕೈಯಲ್ಲಿ ತೋರಿಸಲು ಹೊರಡುತ್ತಾರೆ. ಒಂದು ಡೋಲಕ್ ಅಥವಾ ಚಪ್ಪಾಳೆ ಸಾಕು, ನಿಮಿಷಕ್ಕೆ ಸುಮಾರು 100 ಬಡಿತ.

ಹೆಜ್ಜೆಗುರುತು

ತುಂಬಾ ಉಪಯೋಗವಾಯಿತು. ಮೂರು ನಾಲ್ಕು ಮಕ್ಕಳು ‘ನಾನು ಕುಣಿಯಲ್ಲ’ ಎಂದು ಗೋಡೆಗೆ ಒರಗಿ ನಿಲ್ಲುವುದು ಖಚಿತ. ಅವರಿಗೆ? ಕೊನೆಯ ವಾರ ಪಾಲಕರನ್ನು ಕರೆಯಬಹುದಾ?

ಸಮಪಾದ

ಮೊದಲ ದಿನ ‘ನೃತ್ಯ’ ಎಂಬ ಪದವನ್ನೇ ಬಳಸಬೇಡಿ. ನಡೆಯಿರಿ, ನಿಲ್ಲಿ, ದಿಕ್ಕು ಬದಲಿಸಿ ಎಂದಷ್ಟೇ ಹೇಳಿ. ನಡಿಗೆಗೆ ಬಹುತೇಕ ಎಲ್ಲರೂ ಬರುತ್ತಾರೆ. ಆಗಲೂ ಬಾರದವರಿಗೆ ಕೌಂಟ್ ಹೇಳುವ, ತಾಳ ಹಾಕುವ ಕೆಲಸ ಕೊಡಿ, ಆದರೆ ಗುಂಪಿನೊಳಗೇ ಇರಲಿ. ಬೆಂಚಿಗೆ ಕಳಿಸಿದರೆ ಮರಳಿ ತರುವುದು ಕಷ್ಟ.

ಪಾಲಕರನ್ನು ಕರೆಯಿರಿ, ವೇಷಭೂಷಣ ಮಾತ್ರ ಬೇಡ. ತೆರೆದ ತರಗತಿಯಾಗಿ ನಡೆಸಿ: ಗುಂಪು ಒಮ್ಮೆ ಮಾಡಲಿ, ನೋಡುವವರಲ್ಲಿ ಒಬ್ಬರು ಒಂದು ಬದಲಾವಣೆ ಹೇಳಲಿ, ಗುಂಪು 2 ನಿಮಿಷದಲ್ಲಿ ತಿದ್ದಿ ಮತ್ತೆ ಮಾಡಲಿ. 2 ಗುಂಪಿಗೆ ಸಮಯ ಸಿಕ್ಕರೆ ಸಾಕು. ಉಳಿದ 6 ಗುಂಪುಗಳಿಗೆ ಮುಂದಿನ ವಾರ ನೀವೇ ಪೀರಿಯಡ್ ಇಡಿ, ಕಲಾವಿದೆ ಇಲ್ಲದ ಮೊದಲ ತರಗತಿ ಅದಾಗಲಿ.