ಸಹಾಯ ಬೇಕು: ಕಿನ್‌ಶಿಪ್ ಸೇರಿಸಿದರೆ ಮಾರ್ಕರ್‌ಗಳೆಲ್ಲ ಮಾಯ

ರಾಗಿಯ ಕುತ್ತಿಗೆ ಬೆಂಕಿ ರೋಗದ ಮೇಲೆ ಜಿಡಬ್ಲ್ಯುಎಎಸ್ (ಇಡೀ ಜೀನೋಮ್‌ನಲ್ಲಿ ಒಂದು ಗುಣದ ಜೊತೆ ನಂಟಿರುವ ಡಿಎನ್‌ಎ ಗುರುತು, ಅಂದರೆ ಮಾರ್ಕರ್‌ಗಳನ್ನು ಹುಡುಕುವುದು) ಮಾಡುತ್ತಿದ್ದೇನೆ. ತಳಿಗಳಲ್ಲಿ ಕೆಲವು ಆಫ್ರಿಕಾದವು, ಉಳಿದವು ನಮ್ಮ ಕಡೆಯವು. ಪಿಸಿಎಯಲ್ಲಿ (ತಳಿಗಳ ನಡುವಿನ ವ್ಯತ್ಯಾಸವನ್ನು ಕೆಲವೇ ಅಕ್ಷ, ಅಂದರೆ ಪಿಸಿಗಳಲ್ಲಿ ತೋರಿಸುವ ವಿಧಾನ) ಎರಡು ಗುಂಪು ಎದ್ದು ಕಾಣುತ್ತವೆ.

ಬರೀ ಜಿಎಲ್‌ಎಂ (ತಳಿಗಳ ನಡುವಿನ ನಂಟನ್ನು ಲೆಕ್ಕಕ್ಕೆ ತಗೊಳ್ಳದ ಸರಳ ಮಾದರಿ) ಹಾಕಿದರೆ ಮಾರ್ಕರ್‌ಗಳ ಸುರಿಮಳೆ. ಕ್ಯೂ-ಕ್ಯೂ ಪ್ಲಾಟ್ (ಬಂದ ಪಿ-ಮೌಲ್ಯಗಳನ್ನು ಬರೀ ಆಕಸ್ಮಿಕವಾಗಿ ಬರಬೇಕಾದವುಗಳ ಜೊತೆ ಹೋಲಿಸುವ ನಕ್ಷೆ) ಶುರುವಿನಲ್ಲೇ ಗೆರೆ ಬಿಟ್ಟು ಮೇಲೇರುತ್ತದೆ, ಸುಮ್ನೆ ನಂಬೋಕಾಗಲ್ಲ. 3 ಪಿಸಿ ಜೊತೆ ಕಿನ್‌ಶಿಪ್ (ತಳಿಗಳು ಒಂದಕ್ಕೊಂದು ಎಷ್ಟು ಹತ್ತಿರದ ಸಂಬಂಧ ಎನ್ನುವ ಅಳತೆ) ಸೇರಿಸಿ ಎಂಎಲ್‌ಎಂ (ಆ ಸಂಬಂಧವನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿ) ಓಡಿಸಿದೆ. ಈಗ ಚುಕ್ಕೆಗಳು ಗೆರೆಯ ಕೆಳಗೆ, ಬಾನ್‌ಫೆರೋನಿ ಮಿತಿ (ತುಂಬಾ ಪರೀಕ್ಷೆ ಒಟ್ಟಿಗೆ ಮಾಡಿದಾಗ ಹಾಕುವ ಬಿಗಿ ಮಿತಿ) ದಾಟಿದ್ದು ಒಂದೂ ಇಲ್ಲ. ಪಿಸಿ ತೆಗೆದರೂ ಅಷ್ಟೇ. ಡೇಟಾ ಕೆಟ್ಟದ್ದೇನಲ್ಲ, ರೆಪ್ಲಿಕೇಶನ್‌ಗಳ ಸರಾಸರಿ ಮೇಲೆ ಹೆರಿಟಬಿಲಿಟಿ (ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು) 0.78 ಬಂದಿದೆ.

ರೋಗ ತಡೆಯುವ ಗುಣ ಗುಂಪಿನ ಜೊತೆಗೇ ಹೋಗುತ್ತಿದ್ದರೆ ಕಿನ್‌ಶಿಪ್ ನಿಜವಾದ ಜೀನನ್ನೂ ನುಂಗಿಬಿಡುತ್ತದೆ, ಅಲ್ವಾ? ಹಾಗಿದ್ದರೆ, ಪರೀಕ್ಷಿಸುತ್ತಿರುವ ಕ್ರೋಮೋಸೋಮನ್ನು ಬಿಟ್ಟು ಕಿನ್‌ಶಿಪ್ ಲೆಕ್ಕ ಹಾಕಲಾ, ಇಲ್ಲ ಎರಡು ಗುಂಪನ್ನೂ ಬೇರೆ ಬೇರೆ ಓಡಿಸಲಾ?